ಗದ್ದಲಕ್ಕೊಂದು ಗ್ಯಾರೇಜು

ನನ್ನ ಬಳಿ ಒಂದು ಕಪ್ಪು ಅಂಗಿಯೂ ಇರಲಿಲ್ಲ. ಊರಲ್ಲಿ ಅಮ್ಮ ಇದ್ದಷ್ಟು ಕಾಲ ಮನೆಯೊಳಗೆ ಕಪ್ಪು ಬಟ್ಟೆಗೆ ಪ್ರವೇಶವೇ ಇರಲಿಲ್ಲ. ರಿಯಾಯಿತಿ ಇದ್ದದ್ದು ಕೊಡೆಯೊಂದಕ್ಕೆ, ಅದೂ ಜಗಲಿಯ ತನಕ. ಮದುವೆಯಾದ ಮೇಲೆ ಈ ಖಾತೆ ಹೆಂಡತಿಗೆ ವರ್ಗವಾಯಿತು. ಅವಳದ್ದು ಶಾಸ್ತ್ರದ ತಕರಾರಲ್ಲ. ಕಪ್ಪು ಬಟ್ಟೆಯ ಮೇಲೆ ನನ್ನ ತಲೆಹೊಟ್ಟು ಎದ್ದು ಕಾಣುತ್ತದೆ ಎಂಬ ವ್ಯಾವಹಾರಿಕ ತಕರಾರು. ಹೀಗಿರುವಾಗ 2012ರ ಜೂನ್ ಕೊನೆಯಲ್ಲಿ ದಾವಣಗೆರೆಯ ಗೆಳೆಯ ಫೋನ್ ಮಾಡಿ, "ಲೇ, ಭಾನುವಾರ ಏನೂ ಇಟ್ಕಬೇಡ. ಕರೀ ಅಂಗಿ ಹಾಕ್ಕೊಂಡು ರೆಡಿ ಇರು" ಎಂದಾಗ ಎದೆ ಧಸಕ್ಕೆಂದಿತು. ನಾವಿರುವ ಈ ಅಮೆರಿಕದಲ್ಲಿ ಕಪ್ಪು ಉಟ್ಟು ಹೋಗುವುದು ಸಾವಿನ ಮನೆಗೆ. "ಯಾರು ಹೋದ್ರೋ?" ಎಂದೆ. "ಯಾರೂ ಹೋಗಿಲ್ಲ ಕಣಲೇ, ನಾವೇ ಹೋಗ್ತಿರೋದು" ಎಂದ.

ಹೊರಟಿದ್ದದ್ದು ಮೇಹೆಮ್ ಎಂಬ ಹೆವಿ ಮೆಟಲ್ ಉತ್ಸವಕ್ಕೆ. ಬೇಸಿಗೆಯಲ್ಲಿ ಊರಿಂದೂರಿಗೆ ಲಾರಿಗಟ್ಟಲೆ ಸ್ಪೀಕರು ಹೇರಿಕೊಂಡು ತಿರುಗುತ್ತಿದ್ದ ಈ ಮೇಳ ಜುಲೈ 1ರ ಭಾನುವಾರ ಮೌಂಟನ್ ವ್ಯೂನ ಶೋರ್‌ಲೈನ್ ಆಂಫಿಥಿಯೇಟರಿನಲ್ಲಿ ಬೀಡು ಬಿಡಲಿತ್ತು. ಸ್ಲಿಪ್‌ನಾಟ್, ಸ್ಲೇಯರ್, ಮೋಟರ್‌ಹೆಡ್ ಮುಖ್ಯ ಆಕರ್ಷಣೆ, ಜೊತೆಗೆ ಮಧ್ಯಾಹ್ನದಿಂದಲೇ ಗಂಟಲು ಹರಿದುಕೊಳ್ಳುವ ಹತ್ತಾರು ಕಿರಿಯರು. ಈ ಹೆಸರುಗಳನ್ನು ಕೇಳಿ ನಿಮಗೆ ಏನೂ ಅನ್ನಿಸದಿದ್ದರೆ ಸಂಕೋಚ ಬೇಡ. ನನಗೂ ಅನ್ನಿಸಿರಲಿಲ್ಲ. ನಾನು ಪಿ.ಬಿ. ಶ್ರೀನಿವಾಸರ ಕಂಠದಲ್ಲಿ ಬೆಳೆದವನು.

ಅಂಗಿ ಹುಡುಕಿದ್ದು ಹೆಂಡತಿಯೇ. ಸಿಲಿಕಾನ್ ಕಣಿವೆಯಲ್ಲಿ ನಾಲ್ಕು ವರ್ಷ ದುಡಿದವನ ಕಪಾಟಿನಲ್ಲಿ ಪುಕ್ಕಟೆ ಟೀಶರ್ಟಿನ ಅಡಕಲಿಗೆ ಬರವಿಲ್ಲ. ಆ ಅಡಕಲಿನ ತಳದಿಂದ ಒಂದು ಕಪ್ಪನೆಯದು ಹೊರಬಂತು. ಎದೆಯ ಮೇಲೆ ಕೆಂಪು ಬಣ್ಣದ ಪುಟ್ಟ ಪಿಶಾಚಿ. ತಲೆಗೆ ಎರಡು ಕೊಂಬು, ಕೈಯಲ್ಲಿ ತ್ರಿಶೂಲ, ಕಾಲಿಗೆ ಓಟದ ಬೂಟು. ನಮ್ಮ ಕಸುಬಿನವರಿಗೆ ಇದರ ಗುರುತು ಇರುತ್ತದೆ: ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಯೂನಿಕ್ಸಿನ ಲಾಂಛನ ಅದು. ಪಾಪ, ಕಂಪ್ಯೂಟರಿನ ಒಳಗೆ ಯಾರ ಕಣ್ಣಿಗೂ ಬೀಳದೆ ಪ್ರಿಂಟರಿನ ಕೆಲಸ, ಅಂಚೆಯ ಕೆಲಸ ಮಾಡಿಕೊಂಡಿರುವ ಸಾಧು ಪ್ರಾಣಿ. "ಹಾಕ್ಕೊಳ್ಳಿ, ಆದ್ರೆ ಬರ್ತಾ ಸನಿವೇಲ್ ದೇವಸ್ಥಾನದ ಕಡೆ ಮಾತ್ರ ಹೋಗಬೇಡಿ" ಎಂದಳು.

ನಾವು ಮೂವರು. ದಾವಣಗೆರೆಯವನು ಮೆಟಲ್ಲಿನ ನಿಷ್ಠಾವಂತ ಭಕ್ತ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಕೊನೆಗೆ ಹಾಡಿಗಿಂತ ಕರಕರವೇ ಜಾಸ್ತಿ ಉಳಿದ ಪ್ರತಿಯಲ್ಲಿ ಈ ಸಂಗೀತ ಕಲಿತವನು. ಹೆವಿ ಮೆಟಲ್ ಆದ್ದರಿಂದ ವ್ಯತ್ಯಾಸ ತಿಳಿಯಲಿಲ್ಲವಂತೆ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಾರಿಸಿದಾಗ ಇವನು ಆ ಜನಜಾತ್ರೆಯಲ್ಲಿದ್ದ. ಅದೇ ಅರಮನೆ ಮೈದಾನದ ಕಲ್ಯಾಣಮಂಟಪವೊಂದರಲ್ಲಿ ನಾನು ಸೋದರತ್ತೆಯ ಮಗಳ ಮದುವೆಯ ಹೋಳಿಗೆ ತಿಂದಿದ್ದೆ. ಆ ಜಾಗದೊಂದಿಗೆ ನನ್ನ ಸಂಬಂಧ ಅಷ್ಟೆ. ಗೆಳೆಯನ ಬದುಕಿನ ದೊಡ್ಡ ಕೊರಗು 2011ರದ್ದು. ಮೆಟಾಲಿಕಾ ತಂಡ ನಾವಿರುವ ಇದೇ ಬೇ ಏರಿಯಾದ್ದು, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಸೀಮೆಯದ್ದು. ಅವರ ಜೊತೆ ಒಂದೇ ನೀರು ಕುಡಿಯುವ ಆಸೆಯೂ ಸೇರಿ ಇವನು ವೀಸಾ ಮಾಡಿಸಿಕೊಂಡು ಇಲ್ಲಿಗೆ ಬಂದ. ಬಂದ ಮೇಲೆ, ಅಕ್ಟೋಬರ್ 30ರಂದು, ಅವರು ಹೋಗಿ ಬೆಂಗಳೂರಿನಲ್ಲಿ ಬಾರಿಸಿದರು. ದೆಹಲಿಯ ಬಳಿ ನಡೆಯಬೇಕಿದ್ದದ್ದು ರದ್ದಾಗಿ, ಭಾರತದಲ್ಲಿ ಅವರ ಮೊಟ್ಟಮೊದಲ ಕಛೇರಿ ಎಂಬ ಕೀರ್ತಿಯೂ ನಮ್ಮ ಅರಮನೆ ಮೈದಾನಕ್ಕೇ ಬಂತು. "ನಾನು ಅಲ್ಲಿಂದ ಇಲ್ಲಿಗೆ, ಅವರು ಇಲ್ಲಿಂದ ಅಲ್ಲಿಗೆ" ಎಂದು ಈಗಲೂ ಹಣೆ ಹಣೆ ಚಚ್ಚಿಕೊಳ್ಳುತ್ತಾನೆ.

ಮೂರನೆಯವನು ಕುಂದಾಪುರದವನು. ಅವನಿಗೆ ಲೋಕದಲ್ಲಿ ನಡೆಯುವ ಸಕಲವೂ ಯಕ್ಷಗಾನಕ್ಕೆ ಹೋಲುತ್ತದೆ. ಕಂಪನಿಯ ಮುಖ್ಯಸ್ಥರು ವೇದಿಕೆ ಹತ್ತಿದರೆ ಒಡ್ಡೋಲಗ, ಇಬ್ಬರು ಮ್ಯಾನೇಜರು ಜಗಳವಾಡಿದರೆ ತಾಳಮದ್ದಳೆ. ಆದ್ದರಿಂದ ಇಡೀ ದಿನ ಯಕ್ಷಗಾನದ ಹೆಸರೆತ್ತಕೂಡದು ಎಂಬ ಕರಾರಿನ ಮೇಲೆ ಅವನನ್ನು ಕಾರು ಹತ್ತಿಸಿಕೊಂಡೆವು. "ಆಯ್ತು ಮಾರಾಯ, ನಾ ಎಂತಕ್ಕೆ ಮಾತಾಡ್ಲಿ" ಎಂದು ಬಾಯಿಗೆ ಬೆರಳಿಟ್ಟು ಕೂತ.

ಶೋರ್‌ಲೈನ್ ಇರುವುದು ಗೂಗಲ್ ಕಚೇರಿಗಳ ಮಗ್ಗುಲಲ್ಲಿ. ವಾರದ ದಿನ 101 ಹೆದ್ದಾರಿಯಲ್ಲಿ ತೆವಳುತ್ತ ಅದೇ ತಿರುವಿನಲ್ಲಿ ಇಳಿಯುವವನಿಗೆ ಭಾನುವಾರವೂ ಅಲ್ಲಿಗೇ ಹೋಗುವುದೆಂದರೆ ಕಾಲಿಗೂ ಅನುಮಾನ. ಈ ಬಯಲು ರಂಗಮಂದಿರದ ಕಥೆ ರಸವತ್ತಾಗಿದೆ, ಕೇಳಿ. ನಾವು ಕೂರುವ ಆ ಹಸಿರು ಹುಲ್ಲಿನ ಕೆಳಗಿರುವುದು ಕಸ. ಸಾಕ್ಷಾತ್ ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಸ. ಕೊಲ್ಲಿಯ ತೀರದ ತಗ್ಗನ್ನು ತುಂಬಿಸಿಕೊಳ್ಳಲು ಮೌಂಟನ್ ವ್ಯೂ ಊರು ನೆರೆಯ ಮಹಾನಗರದ ಕಸವನ್ನು ಕರೆದು ಹಾಕಿಸಿಕೊಂಡಿತು. ಅದರ ಮೇಲೆ ಮಣ್ಣು ಮುಚ್ಚಿ, 1986ರಲ್ಲಿ ಈ ರಂಗಮಂದಿರ ಎದ್ದಿತು. ಎಬ್ಬಿಸಿದವರು ಬಿಲ್ ಗ್ರಹಾಂ. ಬರ್ಲಿನ್ನಿನ ಯಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳ ಕೈ ತಪ್ಪಿಸಿಕೊಂಡು ಹುಡುಗನಾಗಿ ಅಮೆರಿಕಕ್ಕೆ ಬಂದು, ಇಲ್ಲಿನ ರಾಕ್ ಸಂಗೀತಕ್ಕೆಲ್ಲ ಯಜಮಾನನಾದ ಮನುಷ್ಯ. ಮೊದಲ ವರ್ಷವೇ ಒಂದು ಪವಾಡ ನಡೆಯಿತು. ಪ್ರೇಕ್ಷಕನೊಬ್ಬ ಹುಲ್ಲಿನ ಮೇಲೆ ಕೂತು ಲೈಟರ್ ಹಚ್ಚಿದಾಗ ನೆಲದಿಂದಲೇ ಜ್ವಾಲೆ ಎದ್ದಿತು. ಅಡಿಯ ಕಸ ಕೊಳೆತು ಹೊರಬರುತ್ತಿದ್ದ ಮೀಥೇನ್ ಅನಿಲದ ಪ್ರತಾಪ. ಆಮೇಲೆ ಅನಿಲಕ್ಕೆ ಬೇರೆ ದಾರಿ ಮಾಡಿಕೊಟ್ಟರು. ನರಕ, ಬೆಂಕಿ, ಪಾತಾಳ ಎಂದು ಹಾಡುವವರಿಗೆ ಇದಕ್ಕಿಂತ ಶಾಸ್ತ್ರೋಕ್ತವಾದ ಸ್ಥಳ ಎಲ್ಲಿ ಸಿಗಬೇಕು?

ಒಳಗೆ ಹೋಗುವ ಮೊದಲು ಪಾರ್ಕಿಂಗ್ ಜಾಗದಲ್ಲೇ ಕಾರಿನ ಡಿಕ್ಕಿ ತೆಗೆದು ಪುಳಿಯೋಗರೆಯ ಡಬ್ಬಿ ಬಿಚ್ಚಿದೆವು. ಪಕ್ಕದ ಪಿಕಪ್ಪಿನ ಬಳಿ ಆರೂವರೆ ಅಡಿಯ ಆಸಾಮಿಯೊಬ್ಬ ನಿಂತಿದ್ದ. ಕಿವಿಯಿಂದ ಮಣಿಕಟ್ಟಿನ ತನಕ ಹಚ್ಚೆ, ತೋಳಿಗೆ ಮೊಳೆ ಹೊಡೆದ ಚರ್ಮದ ಪಟ್ಟಿ. ಅವನ ದೃಷ್ಟಿ ನನ್ನ ಎದೆಯ ಪಿಶಾಚಿಯ ಮೇಲೆ ನೆಟ್ಟಿತು. ಹತ್ತಿರ ಬಂದು, ಬಹಳ ಮರ್ಯಾದೆಯಿಂದ, ಇದು ಯಾವ ಬ್ಯಾಂಡು, ತಾನು ಕೇಳಿಯೇ ಇಲ್ಲವಲ್ಲ ಎಂದ. ನಾನು ಬಾಯಿ ತೆರೆಯುವುದರೊಳಗೆ ದಾವಣಗೆರೆಯವನು, "ಬರ್ಕ್ಲಿಯವರು, ಬಹಳ ಹಳೇ ತಂಡ, ತೆರೆಯ ಹಿಂದೆಯೇ ಇರ್ತಾರೆ" ಎಂದುಬಿಟ್ಟ. ಒಂದಕ್ಷರವೂ ಸುಳ್ಳಲ್ಲ. ಆಸಾಮಿ ಭಕ್ತಿಯಿಂದ ತಲೆಯಾಡಿಸಿದ. ಪುಳಿಯೋಗರೆ ಕೊಟ್ಟೆವು. ತಿಂದ, ಕಣ್ಣಲ್ಲಿ ನೀರು ಬಂತು, ಇನ್ನೊಂದು ಸೌಟು ಹಾಕಿಸಿಕೊಂಡ. ಕೆಲಸವೇನೆಂದು ಕೇಳಿದರೆ ಶಿಶುವಿಹಾರವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾನಂತೆ.

ಈಗ ಸದ್ದಿನ ವಿಷಯಕ್ಕೆ ಬರುತ್ತೇನೆ. ನನ್ನದು ಸೂಕ್ಷ್ಮ ಕಿವಿ. ಶನಿವಾರ ಬೆಳಿಗ್ಗೆ ನೆರೆಮನೆಯ ಅಂಗಳದಲ್ಲಿ ಎಲೆ ಊದುವ ಯಂತ್ರ ಶುರುವಾದರೆ ಕಿಟಕಿ ಮುಚ್ಚಿ, ಬಡಾವಣೆಯ ಸಂಘಕ್ಕೆ ಸವಿನಯ ಇಮೇಲ್ ಬರೆಯುವ ಜಾತಿಯವನು. ಅಂಥವನು ಹಣ ಕೊಟ್ಟು ಹೋಗಿ ಕೂತದ್ದು ಎಲ್ಲಿ ಎಂದರೆ ಹೊಟ್ಟೆಯೊಳಗಿನ ಪುಳಿಯೋಗರೆ ತಾಳಕ್ಕೆ ತಕ್ಕಂತೆ ನಡುಗುವ ಜಾಗದಲ್ಲಿ. ಔದ್ಯೋಗಿಕ ಆರೋಗ್ಯದ ಇಲ್ಲಿನ ಸರ್ಕಾರಿ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು, ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧಕ್ಕರ್ಧ ಇಳಿಯುತ್ತದೆ. 100ಕ್ಕೆ ಮುಟ್ಟಿದರೆ ಸಿಗುವುದು ಕಾಲು ಗಂಟೆ. ಮೆಟಲ್ಲಿನವರು 100 ದಾಟುವುದು ಬರೀ ಮೈಕು ಪರೀಕ್ಷೆಗೆ. ಕಿವಿಗೆ ತುರುಕುವ ಬಿರಡೆ ನನ್ನ ಜೇಬಿನಲ್ಲಿತ್ತು. ತೆಗೆದರೆ ಹೇಡಿ ಅನ್ನುತ್ತಾರೇನೋ ಎಂದು ಸುತ್ತ ನೋಡಿದೆ. ನರೆತ ಗಡ್ಡದ ಹಿರಿಯರೆಲ್ಲ ಆಗಲೇ ತುರುಕಿಕೊಂಡಿದ್ದರು. ರಾಕ್ ಸಂಗೀತದವರಿಗೇ ಕಿವಿಯ ಪಾಠ ಹೇಳುವ ಒಂದು ಸಂಸ್ಥೆ 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿತು. ಕಟ್ಟಿದವರು ಕ್ಯಾಥಿ ಪೆಕ್, ಸ್ವತಃ ಬೇಸ್ ಗಿಟಾರ್ ನುಡಿಸುತ್ತಿದ್ದು, ಸದ್ದಿಗೆ ಸ್ವಂತ ಕಿವಿಯನ್ನೇ ತೆತ್ತವರು. ನರೆಗಡ್ಡದವರು ಪಾಠ ಕಲಿತಿದ್ದರು. ನಾನೂ ತುರುಕಿಕೊಂಡೆ. ಆಗ ನೋಡಿ, ಅಚ್ಚರಿಯೆಂಬಂತೆ, ಗದ್ದಲದೊಳಗಿಂದ ಹಾಡು ಹೊರಬಂತು.

ಮೋಟರ್‌ಹೆಡ್ಡಿನ ಲೆಮ್ಮಿಗೆ ಆಗ 66. ನಮ್ಮ ಕಡೆ ಆ ವಯಸ್ಸಿಗೆ ಕಾಶಿಯಾತ್ರೆಯ ಬುಕಿಂಗ್ ಆಗಿರುತ್ತದೆ. ಈತ ಮೈಕನ್ನು ತಲೆಗಿಂತ ಎತ್ತರಕ್ಕೆ ಕಟ್ಟಿಸಿಕೊಂಡು, ಕುತ್ತಿಗೆ ಎತ್ತಿ, ಮಳೆ ಬರುತ್ತದೆಯೇ ಎಂದು ಆಕಾಶ ನೋಡುವ ಭಂಗಿಯಲ್ಲಿ ಹಾಡುತ್ತಿದ್ದರು. ತಾವು ಬಾರಿಸುವುದು ಹೆವಿ ಮೆಟಲ್ಲೇ ಅಲ್ಲ, ಶುದ್ಧ ರಾಕ್ ಅಂಡ್ ರೋಲ್ ಎಂಬುದು ಅವರ ಜೀವಮಾನದ ವಾದ. ಅದನ್ನು ಒಪ್ಪಲು ನನಗೇನೂ ಕಷ್ಟವಿರಲಿಲ್ಲ. ಎರಡರ ಗುರುತೂ ನನಗಿಲ್ಲ. 2015ರ ಕೊನೆಯಲ್ಲಿ, 70 ತುಂಬಿ ನಾಲ್ಕೇ ದಿನಕ್ಕೆ ಅವರು ತೀರಿಕೊಂಡಾಗ ದಾವಣಗೆರೆಯವನು ನಿಜವಾಗಿಯೂ ಕಪ್ಪು ಅಂಗಿ ತೊಟ್ಟ.

ಸ್ಲೇಯರ್ ಬಂದಾಗ ಸುತ್ತಲಿನ ತಲೆಗಳೆಲ್ಲ ಒಟ್ಟಿಗೆ ಮೇಲೆ ಕೆಳಗೆ ಆಡತೊಡಗಿದವು. ತಲೆಯಾಡಿಸದೆ ನೆಟ್ಟಗೆ ನಿಂತಿದ್ದವರು ಇಬ್ಬರೇ: ವೇದಿಕೆಯ ಮೇಲೆ ಹಾಡುಗಾರ ಟಾಮ್ ಅರಾಯಾ, ಕೆಳಗೆ ನಾನು. ಕಾರಣ ಮಾತ್ರ ಒಂದೇ. ಚಿಲಿ ದೇಶದಲ್ಲಿ ಹುಟ್ಟಿ, ಆಸ್ಪತ್ರೆಯಲ್ಲಿ ಉಸಿರಾಟದ ಚಿಕಿತ್ಸಕರಾಗಿ ದುಡಿದು, ಆ ಸಂಬಳದಿಂದ ತಂಡದ ಮೊದಲ ಆಲ್ಬಮ್ಮಿಗೆ ದುಡ್ಡು ಹೊಂದಿಸಿದ ಅರಾಯಾ ದಶಕಗಟ್ಟಲೆ ತಲೆ ಬೀಸಿ ಬೀಸಿ, 2010ರಲ್ಲಿ ಕುತ್ತಿಗೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅಲ್ಲಿಗೆ ತಲೆ ಬೀಸುವುದು ಬಂದ್. ನನ್ನ ಕುತ್ತಿಗೆಗೂ ಅದೇ ರೋಗ. ನಾನು ಒಂದು ಸಲವೂ ಬೀಸದೆ, ಬರೀ ಕಂಪ್ಯೂಟರಿನ ಮುಂದೆ ಬಗ್ಗಿ ಕೂತು ಗಳಿಸಿಕೊಂಡೆ ಎಂಬುದಷ್ಟೇ ವ್ಯತ್ಯಾಸ. ಆತ ಗಂಟಲು ಹರಿದು ಯುದ್ಧ, ರಕ್ತ, ಪ್ರಳಯ ಎಂದು ಅಬ್ಬರಿಸುವಾಗ ನನಗೆ ಮಾತ್ರ, 'ಮಲಗುವಾಗ ದಿಂಬು ತೆಳ್ಳಗಿರಲಿ ಸ್ವಾಮಿ' ಎನ್ನಬೇಕೆನ್ನಿಸುತ್ತಿತ್ತು.

ಅಷ್ಟರಲ್ಲಿ ಹುಲ್ಲಿನ ಮೇಲೆ ಜನ ಬಿರಿದು, ನಡುವೆ ಒಂದು ವರ್ತುಲ ತೆರೆಯಿತು. ನೂರಾರು ಹುಡುಗರು ಸುತ್ತ ಓಡಲು ಶುರು. ಕುಂದಾಪುರದವನು ಕಣ್ಣು ಕಿರಿದು ಮಾಡಿ ನೋಡಿ, "ಎಂತ ಮಾರಾಯ ಇದು, ಅಪ್ರದಕ್ಷಿಣೆ ಬರ್ತಾ ಇದ್ರಲ್ಲ!" ಎಂದ. ತಮಾಷೆಯೆಂದರೆ ಇದನ್ನು ವಿಜ್ಞಾನಿಗಳೂ ಗಮನಿಸಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರು ಮೆಟಲ್ ಕಛೇರಿಗಳ ವಿಡಿಯೋ ಕೂತು ನೋಡಿ, 2013ರಲ್ಲಿ ಪ್ರಬಂಧ ಪ್ರಕಟಿಸಿದರು: ಸುಮ್ಮನೆ ಡಿಕ್ಕಿ ಹೊಡೆದುಕೊಳ್ಳುವ ಗುಂಪು ಅನಿಲದ ಕಣಗಳ ನಿಯಮ ಪಾಲಿಸುತ್ತದಂತೆ, ಓಡುವ ವರ್ತುಲ ಸುಳಿಯ ನಿಯಮವನ್ನು. ಹೆಚ್ಚಿನ ಸುಳಿಗಳು ಅಪ್ರದಕ್ಷಿಣವೇ. ಈ ಸಂಶೋಧನೆಗೆ ಒಪ್ಪಿಗೆ ಕೊಟ್ಟ ಗೈಡು ಯಾರೋ, ಆ ಪಿಎಚ್‌ಡಿ ವಿದ್ಯಾರ್ಥಿಯ ಭಾಗ್ಯವೇ ಭಾಗ್ಯ.

ಅನಿಲದ ಕಣವೊಂದು ಬಂದು ನನಗೆ ತಗುಲಿತು. ಕನ್ನಡಕ ಹಾರಿ ಆ ಸುಳಿಯೊಳಗೆ ಬಿತ್ತು. ಕನ್ನಡಕವಿಲ್ಲದೆ ನನಗೆ ಸ್ಲೇಯರ್ರೂ ಒಂದೇ, ಎಸ್. ಜಾನಕಿಯೂ ಒಂದೇ. "ಕನ್ನಡಕ, ಕನ್ನಡಕ" ಎಂದು ಕನ್ನಡದಲ್ಲೇ ಕೂಗಿದೆನಂತೆ. ಯಾರೋ ದೈತ್ಯನೊಬ್ಬ ಎರಡೂ ಕೈ ಅಗಲಿಸಿ ನಿಂತ. ಇಡೀ ಸುಳಿ ಗಕ್ಕನೆ ನಿಂತಿತು. ಒಂದು ನಿಮಿಷದ ಹಿಂದೆ ಒಬ್ಬರನ್ನೊಬ್ಬರು ಕೆಡವುತ್ತಿದ್ದ ಹುಡುಗರು ಫೋನಿನ ಬೆಳಕು ಹಾಕಿಕೊಂಡು, ಬೆವರು ಸುರಿಸುತ್ತ, ಹುಲ್ಲಿನಲ್ಲಿ ಅಂಬೆಗಾಲಿಟ್ಟು ಹುಡುಕತೊಡಗಿದರು. ಸಿಕ್ಕಿದ ಕನ್ನಡಕವನ್ನು ಒಬ್ಬಾತ ಅಂಗಿಯಲ್ಲಿ ಒರೆಸಿ, ತಾನೇ ನನ್ನ ಕಿವಿಗೆ ಸಿಕ್ಕಿಸಿದ. ಬಿದ್ದವರನ್ನು ಎತ್ತಬೇಕು, ಕಳೆದದ್ದನ್ನು ಹುಡುಕಿಕೊಡಬೇಕು ಎಂಬುದು ಆ ಕೂಟದ ಅಲಿಖಿತ ಕಟ್ಟಳೆ ಎಂದು ಗೆಳೆಯ ಆಮೇಲೆ ವಿವರಿಸಿದ. ನಮ್ಮ ಸಮ್ಮೇಳನಗಳ ಊಟದ ಸಾಲಿಗೂ ಇಂಥದ್ದೊಂದು ಕಟ್ಟಳೆ ಬಂದರೆ ತಪ್ಪೇನಿಲ್ಲ.

ಕನ್ನಡಕ ಮತ್ತೆ ಮೂಗಿಗೇರಿದ ಸಂಭ್ರಮಕ್ಕೆ ಎಲ್ಲರೂ ತೋರುಬೆರಳು, ಕಿರುಬೆರಳು ಎತ್ತಿ ಕೊಂಬಿನ ಮುದ್ರೆ ಹಿಡಿದರು. ಇದು ಸೈತಾನನ ಸಂಜ್ಞೆ ಎಂದು ಹೆದರುವವರಿದ್ದಾರೆ. ಆದರೆ ಇದನ್ನು ಮೆಟಲ್ಲಿನಲ್ಲಿ ಬಳಕೆಗೆ ತಂದ ಗಾಯಕ ರಾನಿ ಜೇಮ್ಸ್ ಡಿಯೋ ಕಲಿತದ್ದು ಇಟಲಿ ಮೂಲದ ತಮ್ಮ ಅಜ್ಜಿಯಿಂದ. ಕೆಟ್ಟ ಕಣ್ಣು ತಾಗದಿರಲಿ ಎಂದು ಅಜ್ಜಿ ಬೆರಳು ಹಾಗೆ ಹಿಡಿಯುತ್ತಿದ್ದರಂತೆ. ಸಾವಿರಾರು ಜನ ಕರಿ ಅಂಗಿಯವರು ಕೂಡಿ ಆ ಸಂಜೆ ನನಗೆ ದೃಷ್ಟಿ ತೆಗೆದರು ಎಂದಾಯಿತು. ಅಮ್ಮ ಇದ್ದಿದ್ದರೆ ಅಂಗಿಯ ಬಣ್ಣವನ್ನೂ ಮನ್ನಿಸುತ್ತಿದ್ದರೇನೋ.

ಸ್ಲೇಯರಿನಲ್ಲಿ ಆ ವರ್ಷ ಗಿಟಾರ್ ಹಿಡಿದಿದ್ದವರಲ್ಲಿ ಒಬ್ಬರು ಗ್ಯಾರಿ ಹೋಲ್ಟ್. ಕಾಯಿಲೆ ಬಿದ್ದಿದ್ದ ಜೆಫ್ ಹ್ಯಾನ್ಮನ್ನರ ಬದಲಿಗೆ ಬಂದವರು; ಮೂಲದಲ್ಲಿ ಎಕ್ಸೋಡಸ್ ಎಂಬ ಬೇ ಏರಿಯಾ ತಂಡದವರು. ಅವರು ಮುಂದೆ ಬಂದಾಗ ಜನ ಮನೆಮಗನಿಗೆ ಕೂಗುವ ಕೂಗು ಕೂಗಿದರು. ಆಗ ದಾವಣಗೆರೆಯವನು ನನ್ನ ಕಿವಿಯ ಬಿರಡೆ ಕಿತ್ತು ಹೇಳಿದ ಕಥೆಯೇ ನನಗೆ ಆ ಇಡೀ ದಿನದ ಗಳಿಕೆ. ಈ ರಭಸದ ಮೆಟಲ್ ಇಲ್ಲಿ ಬೆಳೆದದ್ದು 80ರ ದಶಕದ ಮೊದಲಲ್ಲಿ, ನಾವೀಗ ಕಂತು ಕಟ್ಟುತ್ತಿರುವ ಇಂಥವೇ ಬಡಾವಣೆಗಳಲ್ಲಿ. ಬರ್ಕ್ಲಿ ಪಕ್ಕದ ಎಲ್ ಸೆರಿಟೊದಲ್ಲಿ ಒಂದು ಸಾದಾ ಬಾಡಿಗೆ ಮನೆ. 1983ರಿಂದ ಅಲ್ಲಿದ್ದವರು ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಲಾರ್ಸ್ ಉಲ್ರಿಕ್. ತಾಲೀಮು ನಡೆದದ್ದು ಗ್ಯಾರೇಜಿನಲ್ಲಿ. ಈ ಉಲ್ರಿಕ್ ಡೆನ್ಮಾರ್ಕಿನ ಟೆನಿಸ್ ಆಟಗಾರನ ಮಗ. ಅಮೆರಿಕಕ್ಕೆ ಬಂದದ್ದು ಟೆನಿಸ್ ಕಲಿಯಲು, ಹಿಡಿದದ್ದು ಡ್ರಮ್ಮಿನ ಕೋಲು. ಡೆತ್ ಏಂಜೆಲ್ ತಂಡದ ಹುಡುಗರು ಫಿಲಿಪೀನ್ಸಿನಿಂದ ಬಂದ ಮನೆತನದ ಸೋದರಸಂಬಂಧಿಗಳು. 1987ರಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವನ ವಯಸ್ಸು 14. ವಲಸೆ ಬಂದ ಅಪ್ಪಅಮ್ಮಂದಿರ ಯೋಜನೆಗಳು ಹೇಗೆ ಹೇಗೆ ತಿರುಗುತ್ತವೆ, ನೋಡಿ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ಲಿಫ್ ಬರ್ಟನ್‌ನ ಕಥೆ. ಕ್ಯಾಸ್ಟ್ರೋ ವ್ಯಾಲಿಯ ಹುಡುಗ, ಬೇಸ್ ಗಿಟಾರಿನವನು. ನಿಮ್ಮ ತಂಡಕ್ಕೆ ಬರುತ್ತೇನೆ, ಆದರೆ ಲಾಸ್ ಏಂಜಲೀಸಿಗೆ ನಾನು ಬರುವುದಿಲ್ಲ, ನೀವೇ ಇಲ್ಲಿಗೆ ಬನ್ನಿ ಎಂದ. ಮೆಟಾಲಿಕಾ ಬೇ ಏರಿಯಾಕ್ಕೆ ಗಂಟುಮೂಟೆ ಕಟ್ಟಿ ಬಂದದ್ದು ಇವನೊಬ್ಬನಿಗಾಗಿ. ಸಂಗೀತವೇ ನನ್ನ ಬದುಕು ಎಂದು ಮಗ ಹೇಳಿದಾಗ ತಂದೆತಾಯಿ ಗದರಲಿಲ್ಲ. ನಾಲ್ಕು ವರ್ಷ ನಿನ್ನ ಬಾಡಿಗೆ, ಊಟ ನಾವು ನೋಡಿಕೊಳ್ಳುತ್ತೇವೆ, ಅಷ್ಟರಲ್ಲಿ ಸ್ವಲ್ಪವಾದರೂ ಮುಂದಕ್ಕೆ ಹೋಗದಿದ್ದರೆ ಬೇರೆ ಕೆಲಸ ಹುಡುಕಿಕೋ ಎಂದರು. ನಾಲ್ಕು ವರ್ಷ! ನಮ್ಮಲ್ಲೂ ಮಕ್ಕಳಿಗೆ ಕೊಡುವುದು ಅಷ್ಟನ್ನೇ, ಬಿ.ಇ. ಮುಗಿಸುವುದಕ್ಕೆ. 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ತಂಡದ ಬಸ್ಸು ಮಗುಚಿ ಆ ಹುಡುಗ ತೀರಿಕೊಂಡ, 24ರ ಹರೆಯದಲ್ಲಿ. ಮಗನ ಹಾಡುಗಳಿಂದ ಬರುವ ಗೌರವಧನವನ್ನು ತಂದೆ ಅವನು ಓದಿದ ಕ್ಯಾಸ್ಟ್ರೋ ವ್ಯಾಲಿ ಹೈಸ್ಕೂಲಿನ ಸಂಗೀತ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವಾಗಿ ಕೊಡುತ್ತ ಬಂದರು. 2018ರಲ್ಲಿ ಅಲಮೀಡಾ ಕೌಂಟಿಯವರು ಅವನ ಹುಟ್ಟುಹಬ್ಬವಾದ ಫೆಬ್ರವರಿ 10ನ್ನು ಕ್ಲಿಫ್ ಬರ್ಟನ್ ದಿನವೆಂದು ಸಾರಿದರು.

ಗೆಳೆಯ ಕಥೆ ಹೇಳುತ್ತಲೇ ಇದ್ದ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಎಲ್ ಸೆರಿಟೊದ ಅಕ್ಕಪಕ್ಕದ ಮನೆಯವರ ಚಿಂತೆ. ಡ್ರಮ್ಮು ಬಾರಿಸಿದವನ ಹೆಸರು ಲೋಕಕ್ಕೆಲ್ಲ ಗೊತ್ತು. ಗೋಡೆಯ ಆಚೆ ಮಗುವನ್ನು ಮಲಗಿಸಲು ಹೆಣಗುತ್ತಿದ್ದ ಆ ತಾಯಿ ಯಾರು? ರಾತ್ರಿಪಾಳಿ ಮುಗಿಸಿ ಬಂದು ತಲೆಯ ಮೇಲೆ ದಿಂಬು ಒತ್ತಿಕೊಂಡ ಆ ಮನುಷ್ಯ ಯಾರು? ಅವರಲ್ಲಿ ನನ್ನಂಥವನೊಬ್ಬನಿದ್ದು, ಬಡಾವಣೆಯ ಸಂಘಕ್ಕೆ ದಿನಾ ಸವಿನಯ ಪತ್ರ ಬರೆದಿದ್ದರೆ ಅರಮನೆ ಮೈದಾನದಲ್ಲಿ ಆ ದಿನ ಬರೀ ಮದುವೆಯೂಟ ನಡೆಯುತ್ತಿತ್ತು. ಕಲಿಯುವ ಕಾಲದಲ್ಲಿ ಎಲ್ಲ ಸಂಗೀತವೂ ಗದ್ದಲವೇ. ಸರಳೆವರಸೆಯನ್ನು ಸಹಿಸಿದ ನೆರೆಮನೆಯವರಿಗೂ ಕಛೇರಿಯ ಶಾಲಿನಲ್ಲಿ ಪಾಲಿರಬೇಕು. ನಮ್ಮ ಗ್ಯಾರೇಜುಗಳನ್ನೇ ನೋಡಿ: ಕಾಸ್ಟ್‌ಕೋದಿಂದ ತಂದ ಕಾಗದದ ಸುರುಳಿಗಳು, ಸೋನಾಮಸೂರಿಯ ಮೂಟೆಗಳು, ಊರಿಗೆ ಹೋಗುವಾಗ ಬೇಕಾಗುತ್ತದೆಂದು ಎತ್ತಿಟ್ಟ ಸೂಟ್‌ಕೇಸುಗಳು. ಒಂದು ಡ್ರಮ್ಮಿಡಲು ಜಾಗವೆಲ್ಲಿದೆ?

ಕತ್ತಲಾಯಿತು. ಕೊಲ್ಲಿಯ ಕಡೆಯಿಂದ ಗಾಳಿ ಬೀಸಿ, ಮಧ್ಯಾಹ್ನ ಬೆಂದಿದ್ದ ಮೈ ಗಡಗಡ ನಡುಗತೊಡಗಿತು. ಆಗ ಬಂದರು ಸ್ಲಿಪ್‌ನಾಟ್, ಅಯೋವಾದ ಡಿಮೋಯ್ನ್ ಊರಿನವರು. ಎಲ್ಲರಿಗೂ ಮುಖವಾಡ, ಎಲ್ಲರಿಗೂ ಒಂದೇ ಬಗೆಯ ಉಡುಗೆ. ಡ್ರಮ್ಮರ್ ಒಬ್ಬ ಸಾಲದೆಂದು ಅಕ್ಕಪಕ್ಕ ಇನ್ನಿಬ್ಬರು ಬಡಿಯುವವರು. ಬಿಯರಿನ ಪೀಪಾಯಿಯೂ ಅವರಿಗೆ ವಾದ್ಯ. ಮುಖವಾಡದವನೊಬ್ಬ ಮುಂದೆ ನೆಗೆದು ಘರ್ಜಿಸಿದ. ದಿನವಿಡೀ ಬಾಯಿ ಬಿಗಿಹಿಡಿದಿದ್ದ ಕುಂದಾಪುರದವನ ಮುಖ ಕೆಂಪಗಾಯಿತು, ತುಟಿ ಅದುರಿತು. ಕೊನೆಗೆ ಕರಾರು ಮುರಿಯಿತು. "ಬಣ್ಣದ ವೇಷ! ಮಾರಾಯ, ಇದು ನಮ್ಮ ಬಣ್ಣದ ವೇಷವೇ! ಚಂಡೆ ಕೇಳು ಚಂಡೆ!" ಎಂದು ಕಿರುಚಿ, ಹೆಜ್ಜೆ ಹಾಕಿಯೇಬಿಟ್ಟ. ಪಕ್ಕದ ಇಬ್ಬರು ಹುಡುಗರು ಅವನ ಗಿರಕಿಯನ್ನು ಅನುಕರಿಸತೊಡಗಿದರು. ನಮ್ಮ ಆಕ್ಷೇಪಣೆ ಆ ಸದ್ದಿನಲ್ಲಿ ನಮಗೇ ಕೇಳಿಸಲಿಲ್ಲ.

ಇದೆಲ್ಲ ನಡೆದು ವರ್ಷಗಳು ಸಂದಿವೆ. ಈಚೆಗೆ ದಾವಣಗೆರೆಯವನ ಮಗಳು ಡ್ರಮ್ ಕಲಿಯುತ್ತೇನೆಂದು ಹಟ ಹಿಡಿದಳು. ಅವರದ್ದು ಅಪಾರ್ಟ್‌ಮೆಂಟು, ಕೆಳಗಿನ ಮನೆಯವರು ಕಾಲ್ಗೆಜ್ಜೆಯ ಸದ್ದಿಗೇ ಪತ್ರ ಬರೆಯತಕ್ಕವರು. ಒಂದು ಸಂಜೆ ಅಪ್ಪ ಮಗಳು ಮನೆಗೆ ಬಂದು, ಕಾಫಿ ಕುಡಿದು, ಹವೆಯ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿದಾಗಲೇ ನನಗೆ ಅಂದಾಜಾಗಿತ್ತು. ನಾನೇನೂ ಹೇಳುವ ಮೊದಲೇ ಹೆಂಡತಿ, "ಅಕ್ಕಿ ಮೂಟೆ ಊಟದ ಕೋಣೆಗೆ ಬರಲಿ ಬಿಡಿ" ಎಂದಳು. ನೆರೆಮನೆಯ ಚೀನೀ ಅಜ್ಜಿಯನ್ನೂ ಹೋಗಿ ಕೇಳಿದೆವು. ಆಕೆ ನಕ್ಕು, ತನ್ನ ಕಿವಿಯಂತ್ರ ತೆಗೆದು ತೋರಿಸಿ, ಅದನ್ನು ಆಫ್ ಮಾಡುವ ವಿಧಾನವನ್ನೂ ತೋರಿಸಿದರು. ಈಗ ಭಾನುವಾರ ಸಂಜೆ ನಮ್ಮ ಗ್ಯಾರೇಜಿನಲ್ಲಿ ಅಭ್ಯಾಸ. ಹುಡುಗಿ ಇನ್ನೂ ತಾಳ ಹಿಡಿದಿಲ್ಲ, ಆದರೆ ಬಿಟ್ಟೂ ಕೊಟ್ಟಿಲ್ಲ. ಹೆಂಡತಿ ಹಾಕಿರುವುದು ಒಂದೇ ಷರತ್ತು: ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಕೇಳಿಸುವಷ್ಟು ಮೆತ್ತಗೆ ಬಾರಿಸಬೇಕು. ಭಾನುವಾರದ ನಮ್ಮ ಸಾರಿಗೆ ಸೀದ ಬೇಳೆಯ ವಾಸನೆ ಬರುತ್ತದೆ. ಬಂದ ನೆಂಟರು ಕೇಳಿದರೆ ಅದು ಬೇ ಏರಿಯಾದ ವಿಶೇಷ ಪಾಕ ಎನ್ನುತ್ತೇವೆ.